‘ಶನಿವಾರ ಬೆಳಗಿನ ಕಾರ್ಟೂನ್’ ಕಾರ್ಯಕ್ರಮ, ಹಾಸನ: ಯಾವ ವಯಸ್ಸಿಗೆ ಯಾವುದು? ಬೂಷ್ಟು ಹಿಡಿದ ಕ್ಯಾಸೆಟ್ ಏನು ಮಾಡೋದು?

ಹೇಮಾವತಿ_ದಂಡೆ

ನಮಸ್ಕಾರ. ಹಾಸನದ ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವದಲ್ಲಿ ‘ಶನಿವಾರ ಬೆಳಗಿನ ಕಾರ್ಟೂನ್’ ಅಂತ ಎರಡು ಗಂಟೆಯ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಈಗಿನ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಹಳೆ ವಿದ್ಯಾರ್ಥಿಗಳು ಸೇರಿ ನೂರು ಜನ ಆಗಬಹುದು.

80ರ ದಶಕದಲ್ಲಿ ಹುಟ್ಟಿದವರು, 90ರ ದಶಕದವರು, 2000ದ ನಂತರದವರು ಅಂತ ಮೂರು ಗುಂಪು ಮಾಡಿ, ಗುಂಪಿಗೆ ಎರಡೆರಡು ಕಾರ್ಟೂನ್ ಅಂತ ಪಟ್ಟಿ ಹಾಕಿದ್ದೇವೆ. ಇದು ಸರಿಹೋಗುತ್ತಾ? ಜೊತೆಗೆ ಸಕಲೇಶಪುರದ ಕಡೆಯ ಒಂದು ತೋಟದ ಮನೆಯಿಂದ 14 ವಿಎಚ್‌ಎಸ್ (ಹಳೆ ವಿಡಿಯೋ) ಕ್ಯಾಸೆಟ್ ಬಂದಿವೆ. ಎಲ್ಲ ಟೀವಿಯಿಂದ ರೆಕಾರ್ಡ್ ಮಾಡಿದ್ದು. ಆರರಲ್ಲಿ ಕಿಟಕಿಯಿಂದ ನೋಡಿದರೆ ಸುರುಳಿಯ ಮೇಲೆ ಬಿಳಿ ಪುಡಿ ಕಾಣುತ್ತೆ. ಅವನ್ನ ಓಡಿಸೋ ವಿಸಿಆರ್ ಒಂದು ಸಿಕ್ಕಿದೆ, ಕರೆಂಟ್ ಕೊಟ್ಟರೆ ದೀಪ ಹತ್ತುತ್ತೆ. ಹಾಕಿ ನೋಡಬಹುದಾ? ಇನ್ನೊಂದು, ಇಂಥದ್ದನ್ನ ಶಾಲೆಯಲ್ಲಿ ತೋರಿಸೋದಕ್ಕೆ ಕಾನೂನಿನ ತೊಡಕು ಏನಾದರೂ ಇದೆಯಾ?

---

ಟ್ರ್ಯಾಕಿಂಗ್_ನಾಬ್

ಬಿಳಿ ಪುಡಿ ಇರೋ ಆರನ್ನ ದಯವಿಟ್ಟು ವಿಸಿಆರ್‌ಗೆ ಹಾಕಬೇಡಿ. ಅದು ಬೂಷ್ಟು. ಒಂದು ಸಲ ಓಡಿಸಿದರೆ ಟೇಪನ್ನ ಓದೋ ಹೆಡ್ಡಿಗೆ ಮೆತ್ತಿಕೊಳ್ಳುತ್ತೆ, ಆಮೇಲೆ ಹಾಕಿದ ಚೆನ್ನಾಗಿರೋ ಎಂಟಕ್ಕೂ ಅದೇ ಅಂಟುತ್ತೆ. ಮೊದಲು ಆ ಆರನ್ನ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಬೇರೆ ಕೋಣೆಯಲ್ಲಿಡಿ.

ಎಂಟರ ವಿಷಯ ಮೊದಲು ಮುಗಿಸೋಣ. ಕ್ಯಾಸೆಟ್ಟಿನ ಬೆನ್ನಿನ ಎಡತುದಿಯಲ್ಲಿ ಒಂದು ಪ್ಲಾಸ್ಟಿಕ್ ನಾಲಿಗೆ ಇರುತ್ತೆ. ಅದಿದ್ದರೆ ರೆಕಾರ್ಡ್ ಆಗುತ್ತೆ, ಮುರಿದಿದ್ದರೆ ಆಗಲ್ಲ. ಹಳೆ ವಿಸಿಆರ್‌ನ ಗುಂಡಿಗಳು ಅಂಟಿಕೊಂಡಿರುತ್ತವೆ. ತಪ್ಪಿ ರೆಕಾರ್ಡ್ ಒತ್ತಿದರೆ ಮೂವತ್ತು ವರ್ಷದ ಕೆಲಸ ಕಣ್ಣೆದುರೇ ಅಳಿಸುತ್ತೆ. ಎಲ್ಲಾ ಹದಿನಾಲ್ಕರಲ್ಲೂ ನಾಲಿಗೆ ಮುರಿದೇ ಮುಂದಿನ ಕೆಲಸ. ವಿಸಿಆರನ್ನ ಪರೀಕ್ಷೆ ಮಾಡೋದು ಹೋದರೂ ಪರವಾಗಿಲ್ಲ ಅನ್ನೋ ಕ್ಯಾಸೆಟ್ಟಿನಲ್ಲಿ, ಮದುವೆ ವಿಡಿಯೋದಲ್ಲಂತೂ ಅಲ್ಲ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ ಟೇಪು ಒಳಕ್ಕೆ ಎಳಕೊಂಡು, ಹೊರಗೆ ಬಿಡುವಾಗ ಕುಣಿಕೆಯಾಗಿ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾದರೆ ಎಳೆಯಬೇಡಿ. ಪ್ಲಗ್ ತೆಗೆದು ಮೇಲಿನ ಮುಚ್ಚಳ ಬಿಚ್ಚಿ, ಟೇಪನ್ನು ಬೆರಳಿಂದ ಬಿಡಿಸಿ.

ಮಳೆಗಾಲದಲ್ಲಿ ಮಾಡೋದಾದರೆ ಇನ್ನೊಂದು ಕಾಟ. ವಿಸಿಆರ್ ಒಳಗೆ ತೇವ ಕಂಡರೆ ತನ್ನನ್ನ ತಾನೇ ಬಂದ್ ಮಾಡಿಕೊಳ್ಳೋ ಸೆನ್ಸರ್ ಇರುತ್ತೆ. ಯಾವ ಗುಂಡಿಯೂ ಕೆಲಸ ಮಾಡಲ್ಲ. ಕೆಟ್ಟಿದೆ ಅಂದುಕೊಂಡು ಬಿಚ್ಚೋದಕ್ಕೆ ಹೋಗಬೇಡಿ, ಕರೆಂಟ್ ಕೊಟ್ಟು ಒಂದೆರಡು ಗಂಟೆ ಸುಮ್ಮನೆ ಬಿಡಿ.

ಇನ್ನು ಬೂಷ್ಟಿನ ಆರು. ಎನ್95 ಮಾಸ್ಕ್, ಕೈಗವಸು ಬೇಕು. ಗಾಳಿಯಾಡದ ಡಬ್ಬದಲ್ಲಿ ಕ್ಯಾಸೆಟ್ ಒಂದಕ್ಕೆ ನೂರು ಗ್ರಾಂ ಲೆಕ್ಕದಲ್ಲಿ ಸಿಲಿಕಾ ಜೆಲ್ ಹಾಕಿ ಏಳರಿಂದ ಹತ್ತು ದಿನ ಇಡಿ. ಒದ್ದೆ ಬೂಷ್ಟನ್ನ ಒರೆಸಿದರೆ ಬಳಿದುಕೊಳ್ಳುತ್ತೆ, ಒಣಗಿದ್ದು ಪುಡಿಯಾಗಿ ಉದುರುತ್ತೆ, ವ್ಯತ್ಯಾಸ ಅಷ್ಟೇ. ಬಿಸಿಲಿಗೆ ಇಡೋದು, ಹೇರ್ ಡ್ರೈಯರ್ ಹಿಡಿಯೋದು ಎರಡೂ ಬೇಡ, ಟೇಪು ಸುಕ್ಕಾಗುತ್ತೆ.

ಆಮೇಲೆ ಬಿಚ್ಚೋದು. ತಳದಲ್ಲಿ ಐದು ಸ್ಕ್ರೂ. ಲೇಬಲ್ ಎರಡು ಹೋಳನ್ನೂ ಹಿಡಿದಿದ್ದರೆ ಬ್ಲೇಡಿಂದ ಸೀಳಿ. ಕ್ಯಾಸೆಟ್ಟನ್ನ ಮೊದಲಿನ ಹಾಗೇ ನೆಟ್ಟಗೆ ತಿರುಗಿಸಿಟ್ಟು ಮೇಲಿನ ಹೋಳು ಎತ್ತಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಹಾರಿಹೋಗುತ್ತೆ. ಎತ್ತಿದ ಕೂಡಲೇ, ಏನೂ ಮುಟ್ಟೋ ಮೊದಲು, ಟೇಪು ಯಾವ ಕಂಬಿಯ ಹಿಂದೆ ಯಾವುದರ ಮುಂದೆ ಹೋಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಸುರುಳಿಯ ಅಂಚಿಗೆ ಕಟ್ಟಿದ ಬೂಷ್ಟನ್ನ ಮೆತ್ತನೆ ಬ್ರಷ್ಷಲ್ಲಿ ಹೊರಮುಖವಾಗಿ ತೆಗೀರಿ. ನಂತರ ನೂಲು ಬಿಡದ ಮೈಕ್ರೋಫೈಬರ್ ಬಟ್ಟೆಯನ್ನ ಟೇಪಿನ ಎರಡೂ ಮುಖಕ್ಕೆ ಹಗುರವಾಗಿ ಹಿಡಿದು, ಕೈಯಲ್ಲೇ ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತಬೇಕು. ಮೂರು ಗಂಟೆಯ ಇ-180 ಕ್ಯಾಸೆಟ್ ಅಂದರೆ ಸುಮಾರು 258 ಮೀಟರ್ ಟೇಪು, ತಾಳ್ಮೆ ಇರೋರನ್ನ ಕೂರಿಸಿ. ಬಟ್ಟೆಯ ಜಾಗ ಬದಲಿಸ್ತಾ ಇರಿ. ಕೊನೆಗೆ ಸುರುಳಿಗಳನ್ನ ಹಳೆ ಚಿಪ್ಪಿಗೆ ಹಾಕಬೇಡಿ. ಶುದ್ಧವಾಗಿರೋ ಬೇರೆ ಕ್ಯಾಸೆಟ್ಟಿನ ಚಿಪ್ಪು ಬಿಚ್ಚಿ ಅದಕ್ಕೆ ಹಾಕಿ, ಹಳೆ ಚಿಪ್ಪಿನ ಸಂದಿಯಲ್ಲೆಲ್ಲ ಬೂಷ್ಟು ಉಳಿದಿರುತ್ತೆ.

ಓಡಿಸುವಾಗ ಚಿತ್ರದ ಮೇಲೆ ದಪ್ಪ ಚುಕ್ಕಿ ಬಂದು ಮಿಣುಕಿದರೆ ಎರಡು ಹೆಡ್ಡಲ್ಲಿ ಒಂದು ಕಟ್ಟಿಕೊಂಡಿದೆ ಅಂತ ಅರ್ಥ. ಕಿವಿಗೆ ಹಾಕೋ ಹತ್ತಿಕಡ್ಡಿ ಹೆಡ್ಡಿಗೆ ಮುಟ್ಟಿಸಬೇಡಿ, ನೂಲು ಸಿಕ್ಕಿ ಹೆಡ್ಡೇ ಮುರಿಯುತ್ತೆ. ಒಳ್ಳೆ ಬಿಳಿ ಕಾಗದದ ತುಂಡಿಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಹೆಡ್ಡುಗಳಿರೋ ಡ್ರಮ್ಮಿಗೆ ಒತ್ತಿ ಅಲ್ಲಾಡದಂತೆ ಹಿಡಿದು, ಡ್ರಮ್ಮನ್ನ ಕೈಯಿಂದ ತಿರುಗಿಸಿ. ಕಾಗದವನ್ನ ಮೇಲೆ ಕೆಳಗೆ ಉಜ್ಜೋದು ಮಾತ್ರ ಯಾವತ್ತೂ ಬೇಡ.

---

ಬೆಳಗಿನ_ಶಾಲೆ

ಕ್ಯಾಸೆಟ್ಟಿನ ಮಾತು ಸರಿಹೋಯಿತು. ಆದರೆ ತೊಡಕು ಕಾರ್ಯಕ್ರಮದ ಹೆಸರಿನಲ್ಲೇ ಇದೆ.

‘ಶನಿವಾರ ಬೆಳಗಿನ ಕಾರ್ಟೂನ್’ ಅಮೆರಿಕದ ನೆನಪು. ಅಲ್ಲಿ ಶನಿವಾರ ರಜೆ. 60ರ ದಶಕದಿಂದ ದೊಡ್ಡ ಟೀವಿ ಕಂಪನಿಗಳು ಆ ಹೊತ್ತನ್ನು ಮಕ್ಕಳಿಗೆ, ಅಂದರೆ ಮಕ್ಕಳಿಗೆ ಮಾರುವ ಜಾಹೀರಾತುದಾರರಿಗೆ, ಬಿಟ್ಟುಕೊಟ್ಟವು. ಕಡಿಮೆ ಚಿತ್ರ ಬರೆದು, ಅದೇ ಓಟ ಅದೇ ಹಿನ್ನೆಲೆಯನ್ನು ಮತ್ತೆ ಮತ್ತೆ ಬಳಸುವ ಅಗ್ಗದ ಅನಿಮೇಷನ್ ಬೆಳೆದದ್ದು ಟೀವಿಯ ಇಂಥ ಹೊತ್ತನ್ನು ತುಂಬಲಿಕ್ಕೆ. ಕೇಬಲ್ ಚಾನೆಲ್‌ಗಳು ಬಂದವು, 1990ರಲ್ಲಿ ಮಕ್ಕಳ ಟೀವಿಗೆಂದೇ ಕಾನೂನು ಬಂತು, ವಾರಕ್ಕೆ ಮೂರು ಗಂಟೆ ಶೈಕ್ಷಣಿಕ ಕಾರ್ಯಕ್ರಮದ ನಿಯಮ ಬಂತು. ಉಳಿದಿದ್ದ ಕೊನೆಯ ಸಾಲು 2014ರ ಸೆಪ್ಟೆಂಬರ್‌ನಲ್ಲಿ ನಿಂತಿತು.

ನಮ್ಮಲ್ಲಿ ಶನಿವಾರ ಬೆಳಗ್ಗೆ ಮಕ್ಕಳು ಎಲ್ಲಿದ್ದರು? ಶಾಲೆಯಲ್ಲಿ. ಶನಿವಾರ ಅಂದರೆ ಬೆಳಗಿನ ಶಾಲೆ. ಮಂಜಿನಲ್ಲಿ ಹೋಗುವುದು, ಮಧ್ಯಾಹ್ನದ ಹೊತ್ತಿಗೆ ಮನೆ. ಟೀವಿಯ ಬೆಳಗ್ಗೆ ಭಾನುವಾರದ್ದು. ಇದಕ್ಕೆ ಒಂದು ಗಟ್ಟಿ ಸಾಕ್ಷಿ ಬೇಕಿದ್ದರೆ ಶಕ್ತಿಮಾನ್ ನೋಡಿ (ಕಾರ್ಟೂನ್ ಅಲ್ಲ, ಆದರೆ ಮಕ್ಕಳ ಲೆಕ್ಕದಲ್ಲಿ ಎರಡೂ ಒಂದೇ). 1997ರ ಸೆಪ್ಟೆಂಬರ್ 13ಕ್ಕೆ ಶುರುವಾಯಿತು, ಅದು ಶನಿವಾರ. ಆಮೇಲೆ ಭಾನುವಾರ ಮಧ್ಯಾಹ್ನಕ್ಕೆ ಬಂತು. ಹೆಚ್ಚಿನವರ ನೆನಪಿನಲ್ಲಿ ಉಳಿದಿರುವುದು ಈ ಭಾನುವಾರವೇ. ಹೆಸರನ್ನು ‘ಭಾನುವಾರ ಬೆಳಗ್ಗೆ’ ಅಂತ ಬದಲಿಸಿ. ಈಗಿನ ಹೆಸರಿಟ್ಟರೆ ನಲವತ್ತು ದಾಟಿದವರು ‘ನಾವು ಆವಾಗ ಪ್ರಾರ್ಥನೆಗೆ ನಿಂತಿದ್ವಲ್ಲ’ ಅಂತಾರೆ.

ಪಟ್ಟಿಯ ಬಗ್ಗೆ. ಹುಟ್ಟಿದ ದಶಕದ ಮೇಲೆ ಗುಂಪು ಮಾಡುವುದು ಪತ್ರಿಕೆಯ ಪುರವಣಿಗೆ ಚೆನ್ನ, ನಿಮ್ಮ ಸಭಾಂಗಣಕ್ಕೆ ಹೊಂದುವುದಿಲ್ಲ. ಮನೆಗೆ ಯಾವ ತಂತಿ ಬಂತು ಅನ್ನುವುದರ ಮೇಲೆ ಭಾಗ ಮಾಡಿ. ಬರೀ ದೂರದರ್ಶನದ ಕಾಲದಲ್ಲಿ ಹೀ-ಮ್ಯಾನ್, ಹಳೆಯ ಸ್ಪೈಡರ್‌ಮ್ಯಾನ್. ಜಪಾನಿನಲ್ಲಿ ತಯಾರಾದ 52 ಕಂತಿನ ಜಂಗಲ್ ಬುಕ್ ಹಿಂದಿಯಲ್ಲಿ ಬಂದದ್ದು 1993ರಲ್ಲಿ. ಅದರ ಹಿಂದೆಯೇ ಡಕ್‌ಟೇಲ್ಸ್, ಟೇಲ್‌ಸ್ಪಿನ್. ಕೇಬಲ್ ಕಾಲ 1995ರ ಮೇ 1ರಿಂದ, ಕಾರ್ಟೂನ್ ನೆಟ್‌ವರ್ಕ್. ಆಗ ಅದು ದಿನವಿಡೀ ಇರಲಿಲ್ಲ, ಹಗಲು ಕಾರ್ಟೂನ್, ರಾತ್ರಿ ಅದೇ ಚಾನೆಲ್‌ನಲ್ಲಿ ಹಳೆಯ ಇಂಗ್ಲಿಷ್ ಸಿನಿಮಾ. 2004ರಲ್ಲಿ ಪೋಗೊ, ಹಂಗಾಮಾ, ಡಿಸ್ನಿ ಮೂರೂ ಬಂದವು. 2008ರಲ್ಲಿ ಪೋಗೊದಲ್ಲಿ ಛೋಟಾ ಭೀಮ್. ಕನ್ನಡದಲ್ಲೇ ಮಾತಾಡುವ ಮಕ್ಕಳ ಚಾನೆಲ್ ಚಿಂಟು ಟಿವಿ 2009ರಲ್ಲಿ.

---

ಹೇಮಾವತಿ_ದಂಡೆ

ಶನಿವಾರದ ವಿಷಯ ಹೊಳೆದೇ ಇರಲಿಲ್ಲ! ಹೆಸರು ಬದಲಿಸ್ತೇವೆ. ಆದರೆ ತಂತಿಯ ಲೆಕ್ಕ ಹಾಕಿದರೂ ಕೊನೆಗೆ ವಯಸ್ಸಿನ ಲೆಕ್ಕವೇ ಆಗಲ್ವಾ? 1995ಕ್ಕೆ ಕೇಬಲ್ ಅಂದರೆ 1988ರ ಆಸುಪಾಸು ಹುಟ್ಟಿದವರು, ಹೀಗೆ.

---

ಮಲೆನಾಡ_ಆಂಟೆನಾ

ಆಗಲ್ಲ. ಅದೇ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ವಿಶೇಷ.

ಹಾಸನ ಪೇಟೆ, ಅರಸೀಕೆರೆ, ಕಡೂರು, ಚಿಕ್ಕಮಗಳೂರು ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತೆ. ಕೇಬಲ್‌ನವನು ಎಂಟು ಹನ್ನೆರಡು ಅಡಿಯ ಡಿಶ್ ಹಾಕಿ ಕಂಬದಿಂದ ಕಂಬಕ್ಕೆ ತಂತಿ ಎಳೆದರೆ ನೂರಾರು ಮನೆ ಸಿಕ್ಕವು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟದ ಕಡೆ ಮನೆಯಿಂದ ಮನೆಗೆ ಅರ್ಧ, ಒಂದು ಕಿಲೋಮೀಟರ್. ಕೋಆಕ್ಸ್ ಅನ್ನೋ ಕೇಬಲ್ ಟೀವಿ ತಂತಿಯಲ್ಲಿ ಸಿಗ್ನಲ್ ದೂರಕ್ಕೆ ತಕ್ಕಂತೆ ಸೋರ್ತಾ ಹೋಗುತ್ತೆ, ನಡುನಡುವೆ ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟ್ ಬೇಕು, ಮರ ಬಿದ್ದರೆ ಎಲ್ಲಾ ಹೋಯ್ತು. ಒಂದು ಮನೆಯ ಚಂದಾಕ್ಕೆ ಅಷ್ಟು ಯಾರು ಮಾಡ್ತಾರೆ? ಹಾಗಾಗಿ ಕೇಬಲ್ ಅನ್ನೋ ಮೆಟ್ಟಿಲೇ ಎಷ್ಟೋ ತೋಟದ ಮನೆಗಳಿಗೆ ಇಲ್ಲ. ಆಂಟೆನಾದಿಂದ ನೇರ ಸಣ್ಣ ಡಿಶ್‌ಗೆ ಜಿಗಿದರು: 2003ರಲ್ಲಿ ಡಿಶ್ ಟಿವಿ, 2004ರ ಕೊನೆಗೆ ದೂರದರ್ಶನದ ಉಚಿತ ಡಿಶ್, 2006ರಲ್ಲಿ ಟಾಟಾ ಸ್ಕೈ. 1990ರಲ್ಲಿ ಹುಟ್ಟಿದ ಪೇಟೆ ಹುಡುಗನಿಗೆ ಐದನೇ ವಯಸ್ಸಿಗೇ ಕಾರ್ಟೂನ್ ನೆಟ್‌ವರ್ಕ್ ಸಿಗಬಹುದಿತ್ತು. ಅದೇ ವರ್ಷ ಹುಟ್ಟಿದ ತೋಟದ ಹುಡುಗಿ ಹೈಸ್ಕೂಲು ಮುಗಿಸೋವರೆಗೂ ದೂರದರ್ಶನದಲ್ಲೇ. ಅವಳ ‘ತಲೆಮಾರು’ ಪೇಟೆಯ 1980ರವರ ಜೊತೆ ಕೂರುತ್ತೆ, ತನ್ನ ಓರಗೆಯವರ ಜೊತೆ ಅಲ್ಲ.

ಮಳೆಯೂ ಕೈಯಾಡಿಸಿದೆ. ಸಣ್ಣ ಡಿಶ್ ಹಿಡಿಯೋದು ಕೆಯು ಬ್ಯಾಂಡ್ ಅನ್ನೋ ಅಲೆ, ಹನ್ನೊಂದು ಹನ್ನೆರಡು ಗಿಗಾಹರ್ಟ್ಸ್. ಜೋರು ಮಳೆಹನಿ ಅದನ್ನ ನುಂಗುತ್ತೆ. ಕೇಬಲ್‌ನವನ ದೊಡ್ಡ ಡಿಶ್ ಸಿ ಬ್ಯಾಂಡ್, ನಾಲ್ಕು ಗಿಗಾಹರ್ಟ್ಸ್ ಆಸುಪಾಸು, ಮಳೆಗೆ ಅಷ್ಟಾಗಿ ಜಗ್ಗಲ್ಲ. ಆಷಾಢದಲ್ಲಿ ‘ಸಿಗ್ನಲ್ ಇಲ್ಲ’ ಅನ್ನೋ ನೀಲಿ ಪರದೆ ನೋಡ್ತಾ ಕೂತಿದ್ದು ಯಾರು ಅಂತ ಸಭೆಯಲ್ಲಿ ಕೇಳಿ, ಸಣ್ಣ ಡಿಶ್‌ನವರೆಲ್ಲ ಕೈ ಎತ್ತುತ್ತಾರೆ. ಅದಕ್ಕೂ ಹಿಂದಿನ ಆಂಟೆನಾ ಕಾಲದ ಗುರುತು ಬೇರೆ. ಗುಡ್ಡಕ್ಕೆ ಬಡಿದು ತಡವಾಗಿ ಬಂದ ಸಿಗ್ನಲ್‌ನಿಂದ ಪ್ರತಿ ಮುಖದ ಬಲಕ್ಕೂ ಒಂದು ತೆಳು ನೆರಳು. ಬೂಸ್ಟರ್ ಹಾಕಿದರೆ ನೆರಳೂ ಬೂಸ್ಟ್ ಆಗ್ತಿತ್ತು. ಆಂಟೆನಾ ತಿರುಗಿಸೋದೊಂದೇ ದಾರಿ.

ಇನ್ನೊಂದು ಗೆರೆ ಭಾಷೆಯದ್ದು. ಕನ್ನಡ ಚಿತ್ರರಂಗ ಡಬ್ಬಿಂಗನ್ನ ದಶಕಗಟ್ಟಲೆ ತಡೆದಿತ್ತು, ಕೇಂದ್ರದ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿದ್ದು 2015ರಲ್ಲಿ. ಹಾಗಾಗಿ ಚಿಂಟು ಟಿವಿ ಬಂದ 2009ಕ್ಕೆ ಮುಂಚೆ ಕಾರ್ಟೂನ್ ನೋಡಿದ ನಮ್ಮ ಮಕ್ಕಳ ಕಿವಿಯಲ್ಲಿರೋದು ಹೆಚ್ಚಿನಂಶ ಹಿಂದಿ ಅಥವಾ ಇಂಗ್ಲಿಷ್. ಶೀರ್ಷಿಕೆ ಹಾಡು ಪೂರ್ತಿ ಬರುತ್ತೆ, ಅರ್ಥ ಅರ್ಧ ಗೊತ್ತಿಲ್ಲ. ಉತ್ತರದವರ ಬಾಲ್ಯದ ನೆನಪಿಗೂ ನಮ್ಮದಕ್ಕೂ ಇದೊಂದು ದೊಡ್ಡ ವ್ಯತ್ಯಾಸ, ಅಂತರ್ಜಾಲದ ‘90ರ ಮಕ್ಕಳು’ ಪಟ್ಟಿಗಳಲ್ಲಿ ಇದು ಬರೋದೇ ಇಲ್ಲ. ಟೀವಿಯೇ ಇಲ್ಲದ ಮನೆಯವರೂ ಬರ್ತಾರೆ. ಅವರ ಕಾಯುವಿಕೆ ಬಾಲಮಂಗಳ ಪತ್ರಿಕೆಯ ಡಿಂಗನಿಗೆ. ಹಳೆ ಸಂಚಿಕೆ ಸಿಕ್ಕರೆ ಬಾಗಿಲಲ್ಲಿ ಒಂದು ಮೇಜಿನ ಮೇಲಿಡಿ.

ಗುಂಪು ಮಾಡೋಕೆ ಮುಂಚೆ ಒಂದು ಚೀಟಿ ಕೊಟ್ಟು ತುಂಬಿಸಿ. ಅದರಲ್ಲಿ ಯಾವ ಕಾರ್ಟೂನಿನ ಹೆಸರನ್ನೂ ಬರೀಬೇಡಿ. ಹೆಸರು ಓದಿದ ಕೂಡಲೇ ‘ಹೌದು ನೋಡಿದ್ದೆ’ ಅನ್ನೋದು ಮನುಷ್ಯ ಸ್ವಭಾವ. ಜಂಗಲ್ ಬುಕ್, ಶಕ್ತಿಮಾನ್ ಎರಡನ್ನೂ 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಮತ್ತೆ ಹಾಕಿತ್ತು, ಆ ನೆನಪೂ ಹಳೆಯದರ ಜೊತೆ ಬೆರೆತಿರುತ್ತೆ. ಇಸವಿ ಕೇಳಬೇಡಿ, ‘ಎಷ್ಟನೇ ಕ್ಲಾಸಿನಲ್ಲಿದ್ದಿರಿ’ ಕೇಳಿ. ಹುಟ್ಟಿದ ವರ್ಷಕ್ಕೆ ಐದು ಮತ್ತು ಕ್ಲಾಸು ಕೂಡಿಸಿದರೆ ಇಸವಿ ಸುಮಾರಾಗಿ ಬರುತ್ತೆ: 1986ರವರು, ನಾಲ್ಕನೇ ಕ್ಲಾಸು, ಅಂದರೆ 1995. ಯಾರ ಮನೆಯಲ್ಲಿ ನೋಡ್ತಿದ್ರಿ, ಆಂಟೆನಾನಾ ಕೇಬಲ್ಲಾ, ಕಪ್ಪುಬಿಳುಪಾ ಬಣ್ಣವಾ, ಯಾವ ಭಾಷೆ, ನೋಡೋಕೆ ಮುಂಚೆ ಆಮೇಲೆ ಏನು ಮಾಡ್ತಿದ್ರಿ. ಈ ಕೊನೆಯದು ಸಣ್ಣ ಪ್ರಶ್ನೆ ಅನಿಸಬಹುದು, ಆದರೆ ‘ಎಣ್ಣೆ ಸ್ನಾನಕ್ಕೆ ಕರೀತಿದ್ರು’ ಅಂತ ಬಂದರೆ ಅದು ಭಾನುವಾರ, ‘ಬ್ಯಾಗ್ ಬಿಸಾಕಿ’ ಅಂತ ಬಂದರೆ ಸಂಜೆ. ಅನುಮಾನ ಇದ್ದರೆ ಗ್ರಂಥಾಲಯದಲ್ಲಿ ಆ ವರ್ಷದ ದಿನಪತ್ರಿಕೆಯ ಟೀವಿ ಕಾರ್ಯಕ್ರಮದ ಪಟ್ಟಿ ತೆಗೆದು ನೋಡಿ.

---

ಪರದೆ_ಪಂಚಾಯ್ತಿ

ಕಾನೂನು, ಚುಟುಕಾಗಿ. ಕೃತಿಸ್ವಾಮ್ಯ ಕಾಯ್ದೆ 1957ರ 52ನೇ ಕಲಂ ಪ್ರಕಾರ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಚಿತ್ರ ತೋರಿಸಬಹುದು, ಆದರೆ ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಟಿಕೆಟ್ ಇಟ್ಟು ಊರಿಗೆಲ್ಲ ಬಾಗಿಲು ತೆರೆದರೆ ಈ ರಕ್ಷಣೆ ಇಲ್ಲ. ಹಳೆ ವಿದ್ಯಾರ್ಥಿಗಳು ‘ಸಂಬಂಧಪಟ್ಟವರು’ ಹೌದೋ ಅಲ್ಲವೋ ಅಂತ ವಾದ ಬರಬಹುದು, ಹಳೆ ವಿದ್ಯಾರ್ಥಿ ಸಂಘವನ್ನು ಆಯೋಜಕರಲ್ಲಿ ಸೇರಿಸಿಕೊಳ್ಳಿ, ವಕೀಲರಿಗೂ ಒಮ್ಮೆ ತೋರಿಸಿ. ಪ್ರಸಾರದ ಹಕ್ಕು 25 ವರ್ಷಕ್ಕೆ ಮುಗಿಯುತ್ತದೆ, ಆದರೆ ಕಾರ್ಟೂನಿನ ಹಕ್ಕು 60 ವರ್ಷ. ‘ಹಳೇದಲ್ವಾ’ ಅನ್ನುವ ಸಮಾಧಾನ ಬೇಡ. ಪ್ರತಿ ಮಾಡಿ ಹಂಚುವುದು, ಯೂಟ್ಯೂಬಿಗೆ ಹಾಕುವುದು ಬೇರೆಯೇ ವಿಷಯ, ಅದಕ್ಕೆ ಹೋಗಬೇಡಿ.

ಪರದೆ: ನೂರು ಜನಕ್ಕೆ 8×6 ಅಡಿ ಸಾಕು. ಮೊದಲ ಸಾಲು 16 ಅಡಿ ದೂರ, ಕೊನೆಯದು 48 ಅಡಿ ಒಳಗೆ. ಪ್ರೊಜೆಕ್ಟರ್‌ನಲ್ಲಿ 4:3 (ಹಳೆ ಟೀವಿಯ ಅಗಲ-ಎತ್ತರದ ಅಳತೆ) ಅಂತ ಆರಿಸಿ, ಇಲ್ಲದಿದ್ದರೆ ಮೊಗ್ಲಿ ಗುಂಡಗಾಗುತ್ತಾನೆ. ಬೆಳಗಿನ ಕಾರ್ಯಕ್ರಮವಾದ್ದರಿಂದ ಪೂರ್ವದ ಕಿಟಕಿಗೆ ದಪ್ಪ ಬಟ್ಟೆ ಕಟ್ಟುವುದು ಪ್ರೊಜೆಕ್ಟರಿನ ಬೆಳಕಿನ ಬಲಕ್ಕಿಂತ (ಲುಮೆನ್) ಮುಖ್ಯ.

ಶುರುವಿಗೆ ಮಾತಿಲ್ಲದ ಟಾಮ್ ಅಂಡ್ ಜೆರ್ರಿ ಹಾಕಿ. 1940ರಿಂದ 1958ರವರೆಗಿನ ಆ 114 ಕಿರುಚಿತ್ರಗಳು ಸಿನಿಮಾ ಮಂದಿರಕ್ಕೆ ಮಾಡಿದ್ದು, ಟೀವಿಗಲ್ಲ. ಒಂದೊಂದು ಏಳೆಂಟು ನಿಮಿಷ. ಅಜ್ಜಿಗೂ ಮೊಮ್ಮಗಳಿಗೂ ಭಾಷೆಯ ಹಂಗಿಲ್ಲ.

---

ಹೇಮಾವತಿ_ದಂಡೆ

ಎಲ್ಲರಿಗೂ ಧನ್ಯವಾದ. ಚೀಟಿ ಅಚ್ಚು ಹಾಕಿಸಿದ್ದಾಯ್ತು. ಒಂದು ಒಳ್ಳೆ ಕ್ಯಾಸೆಟ್ಟನ್ನ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯಿಂದ ಕಂಪ್ಯೂಟರಿಗೆ ಹಾಕಿದ್ವಿ. ಅಲ್ಲಾಡಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ, ಕೆಳಗಡೆ ಹರಿದ ಪಟ್ಟಿ, ಬೆಳಕು ಒಮ್ಮೊಮ್ಮೆ ತಾನೇ ಏರಿಳಿಯುತ್ತೆ. ಇನ್ನೊಂದು ವಿಚಿತ್ರ: ಅದೇ ಹಾಡು ಅಂತರ್ಜಾಲದಲ್ಲಿರೋದಕ್ಕಿಂತ ಕ್ಯಾಸೆಟ್ಟಿನಲ್ಲಿ ಸ್ವಲ್ಪ ಏರು ಶ್ರುತಿಯಲ್ಲಿದೆ. ವಿಸಿಆರ್ ಜೋರಾಗಿ ಓಡ್ತಿದೆಯಾ?

---

ಟ್ರ್ಯಾಕಿಂಗ್_ನಾಬ್

ವಿಸಿಆರ್ ಸರಿ ಇರಬಹುದು. ಸಿನಿಮಾ ಫಿಲ್ಮು ಸೆಕೆಂಡಿಗೆ 24 ಚೌಕಟ್ಟು, ನಮ್ಮ ಪಾಲ್ ಪದ್ಧತಿಯ ಟೀವಿ 25. ಆ ಕಾಲದಲ್ಲಿ ಫಿಲ್ಮನ್ನ ಸುಮ್ಮನೆ 25ರಲ್ಲಿ ಓಡಿಸಿಬಿಡ್ತಿದ್ದರು. ನೂರಕ್ಕೆ ನಾಲ್ಕು ಪಾಲು ವೇಗ ಹೆಚ್ಚು, ಶ್ರುತಿ ಹಾರ್ಮೋನಿಯಂನ ಒಂದು ಮನೆಗಿಂತ ಸ್ವಲ್ಪ ಕಡಿಮೆ ಏರುತ್ತೆ. ಪರೀಕ್ಷೆ ಸುಲಭ: ಅದೇ ಕ್ಯಾಸೆಟ್ಟಿನಲ್ಲಿ ಜಾಹೀರಾತೋ ವಾರ್ತೆಯೋ ಇರುತ್ತಲ್ಲ, ಅದರ ದನಿ ಸಹಜವಾಗಿದ್ದರೆ ವಿಸಿಆರ್‌ಗೆ ದೋಷವಿಲ್ಲ. ಸರಿಪಡಿಸಬೇಡಿ, ಆಗ ಕೇಳಿದ್ದವರ ಕಿವಿಯಲ್ಲಿ ಇರೋದು ಆ ಏರು ಶ್ರುತಿಯೇ. ಅಂದಹಾಗೆ ಆ ಜಾಹೀರಾತುಗಳನ್ನ ಕತ್ತರಿಸಬೇಡಿ, ಯಾವ ವರ್ಷದ ರೆಕಾರ್ಡಿಂಗ್ ಅಂತ ಹೇಳೋದೇ ಅವು.

ಬಾಚಣಿಗೆ ಗೆರೆ ದೋಷ ಅಲ್ಲ. ಟೀವಿ ಚಿತ್ರ ಸೆಕೆಂಡಿಗೆ 50 ಅರ್ಧ ಚಿತ್ರವಾಗಿ ಬರುತ್ತೆ, ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ. ಕ್ಯಾಪ್ಚರ್ ಮಾಡುವಾಗ 720×576, 25 ಚೌಕಟ್ಟು, ಇಂಟರ್‌ಲೇಸ್ (ಈ ಅರ್ಧ ಚಿತ್ರಗಳ ಜೋಡಣೆ) ಹಾಗೇ ಇಟ್ಟು, ನಷ್ಟವಿಲ್ಲದ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಫೈಲ್ ರೂಪದಲ್ಲಿ ಉಳಿಸಿ. ಗಂಟೆಗೆ ಮೂವತ್ತು ನಲವತ್ತು ಜಿಬಿ ತಿನ್ನುತ್ತೆ, 1 ಟಿಬಿ ಡಿಸ್ಕ್ ತಗೊಳ್ಳಿ. ತೋರಿಸೋ ಪ್ರತಿಗೆ ಮಾತ್ರ ಅರ್ಧ ಚಿತ್ರಗಳನ್ನ ಬಿಡಿಸೋ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಹಾಕಿ 50 ಚೌಕಟ್ಟಿಗೆ ಬಿಡಿಸಿ. 25ಕ್ಕೆ ಬಿಡಿಸಿದರೆ ಅರ್ಧ ಚಲನೆ ಹೋಗಬಹುದು.

ಕೆಳಗಿನ ಹರಿದ ಪಟ್ಟಿ ಒಂದು ಹೆಡ್ಡಿಂದ ಇನ್ನೊಂದಕ್ಕೆ ಬದಲಾಗೋ ಜಾಗ, ಎಲ್ಲಾ ವಿಎಚ್‌ಎಸ್‌ನಲ್ಲೂ ಇದೆ. ಹಳೆ ಟೀವಿಯ ಅಂಚಿನ ಹಿಂದೆ ಅಡಗಿರ್ತಿತ್ತು. ಕತ್ತರಿಸಿ ಚಿತ್ರ ಹಿಗ್ಗಿಸಬೇಡಿ, ಕಪ್ಪು ಪಟ್ಟಿಯಿಂದ ಮುಚ್ಚಿ ಸಾಕು.

ಬೆಳಕಿನ ಏರಿಳಿತ ಎರಡು ಕಾರಣಕ್ಕೆ. ಅಗ್ಗದ ಕಡ್ಡಿಯ ತಾನೇತಾನಾಗಿ ಬೆಳಕು ಹೊಂದಿಸೋ ಗುಣ ಒಂದು. ಬಾಡಿಗೆ ಕ್ಯಾಸೆಟ್ಟಿನಲ್ಲಿದ್ದ ನಕಲು ತಡೆ ಇನ್ನೊಂದು, ನಿಮ್ಮದು ಟೀವಿಯಿಂದ ರೆಕಾರ್ಡ್ ಮಾಡಿದ್ದಾದ್ದರಿಂದ ಇದು ಇರಲಾರದು. ಬೇರೆ ಕಡ್ಡಿ ಹಾಕಿ ನೋಡಿ. ಎಂಟೂ ಮುಗಿದು ಬ್ಯಾಕಪ್ ಆದ ಮೇಲೇ ಬೂಷ್ಟಿನ ಮೊದಲನೆಯದಕ್ಕೆ ಕೈ ಹಾಕಿ, ಅದೂ ಆರರಲ್ಲಿ ಲೇಬಲ್ ಇಲ್ಲದ್ದಕ್ಕೆ.